ಹುಲ್ಲಿಲ್ಲದ ಊರಲ್ಲಿ ಲಾನ್ ಬೌಲ್ಸ್: ನಮ್ಮ ಗುಂಪಿನ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಲಬುರಗಿಯ ಸೇಡಂ ರಸ್ತೆ ಕಡೆ ನಮ್ಮ ಬಡಾವಣೆ. ಅದರ ಮೂಲೆಯಲ್ಲಿ ಒಂದು ಖಾಲಿ ಜಾಗ. ಸಂಜೆಯಾದರೆ ಅಲ್ಲಿ ಹಸಿರು ಮ್ಯಾಟ್ ಹಾಸಿಕೊಂಡು ಎಂಟು ಹತ್ತು ಜನ ದುಂಡಗಿನ ಏನನ್ನೋ ಉರುಳಿಸುತ್ತಾ ನಿಂತಿರುತ್ತೇವೆ. ದಾರಿಯಲ್ಲಿ ಹೋಗುವವರು ಗಾಡಿ ನಿಲ್ಲಿಸುತ್ತಾರೆ. ಕೇಳಿದ್ದನ್ನೇ ಕೇಳುತ್ತಾರೆ. ಗುಂಪಿನ ಲೆಕ್ಕದ ನೋಟ್‌ಬುಕ್ ನನ್ನ ಹತ್ತಿರ ಇದೆ ಅನ್ನೋ ಒಂದೇ ಕಾರಣಕ್ಕೆ ಉತ್ತರ ಬರೆಯುವ ಕೆಲಸವೂ ನನ್ನ ಕೊರಳಿಗೇ ಬಿತ್ತು.

ಇದು ಯಾವ ಆಟ? ಬೌಲಿಂಗ್ ಅಂದ್ರೆ ಕ್ರಿಕೆಟ್ಟಾ?

ಅಲ್ಲ, ಇದು ಲಾನ್ ಬೌಲ್ಸ್. ಮಾಲ್‌ನಲ್ಲಿ ಬಾಟಲಿಯಂಥ ಪಿನ್ನು ಬೀಳಿಸುತ್ತಾರಲ್ಲ, ಅದೂ ಅಲ್ಲ. ಇಲ್ಲಿ ಏನನ್ನೂ ಬೀಳಿಸುವುದಿಲ್ಲ. ಮೊದಲು ಒಂದು ಚಿಕ್ಕ ಚೆಂಡನ್ನು ದೂರಕ್ಕೆ ಉರುಳಿಸುತ್ತೇವೆ. ಅದು ಜ್ಯಾಕ್. ಆಮೇಲೆ ದೊಡ್ಡ ಚೆಂಡುಗಳನ್ನು ಒಬ್ಬರಾದ ಮೇಲೆ ಒಬ್ಬರು ಅದರ ಹತ್ತಿರಕ್ಕೆ ಬಿಡಬೇಕು. ಈ ದೊಡ್ಡವಕ್ಕೆ ಬೌಲ್ ಅಂತ ಹೆಸರು. ಯಾರದು ಹತ್ತಿರ ನಿಂತಿತೋ ಅವರಿಗೆ ಅಂಕ. ಗೋಟಿ ಆಡಿ ಬೆಳೆದವರಿಗೆ ಒಂದೇ ನಿಮಿಷದಲ್ಲಿ ತಿಳಿಯುತ್ತದೆ.

ಗುಂಪು ಶುರುವಾಗಿದ್ದು ಯಾವಾಗ?

2022ರ ಆಗಸ್ಟ್ 2. ತಾರೀಖು ಇಷ್ಟು ಖಚಿತವಾಗಿ ನೆನಪಿರೋದಕ್ಕೆ ಕಾರಣ ಇದೆ. ಅವತ್ತು ನಾಗರ ಪಂಚಮಿ.

ನಮ್ಮ ಕಡೆ ಪಂಚಮಿ ಅಂದರೆ ಸಣ್ಣ ಹಬ್ಬ ಅಲ್ಲ. ಜೋಕಾಲಿ ಕಟ್ಟಿರುತ್ತಾರೆ. ಮನೆ ತುಂಬಾ ಉಂಡಿ ಇರುತ್ತವೆ. ನಾವು ಮೂರು ಜನ ಪಕ್ಕದ ಮನೆಯಲ್ಲಿ ಕೂತು ಶೇಂಗಾ ಉಂಡಿ, ಅಳ್ಳಿಟ್ಟು ತಿನ್ನುತ್ತಾ ಸುಮ್ನೆ ಟೀವಿ ಚಾನೆಲ್ ತಿರುಗಿಸುತ್ತಿದ್ದೆವು. ಬರ್ಮಿಂಗ್‌ಹ್ಯಾಮ್ ಕಾಮನ್‌ವೆಲ್ತ್ ಕ್ರೀಡಾಕೂಟದ ಒಂದು ಫೈನಲ್ ನಡೆಯುತ್ತಿತ್ತು. ನೀಲಿ ಟೀ ಶರ್ಟಿನ ನಾಲ್ವರು ಹೆಣ್ಣುಮಕ್ಕಳು ಹುಲ್ಲಿನ ಮೇಲೆ ಚೆಂಡು ಉರುಳಿಸುತ್ತಿದ್ದರು. ಲವ್ಲಿ ಚೌಬೆ, ಪಿಂಕಿ, ನಯನ್‌ಮೋನಿ ಸೈಕಿಯಾ, ರೂಪಾ ರಾಣಿ ತಿರ್ಕಿ. ಅವತ್ತಿನವರೆಗೆ ಆ ಹೆಸರುಗಳನ್ನು ನಮ್ಮಲ್ಲಿ ಯಾರೂ ಕೇಳಿರಲಿಲ್ಲ. ಎದುರಿಗೆ ದಕ್ಷಿಣ ಆಫ್ರಿಕಾ. ಮೊದಲು ನಮ್ಮವರು ಮುಂದಿದ್ದರು, ಆಮೇಲೆ ಎರಡೂ ಕಡೆ ಸಮ ಆಯಿತು. ಅಲ್ಲಿಂದ ರಿಮೋಟ್ ಯಾರೂ ಮುಟ್ಟಲಿಲ್ಲ. ಕೊನೆಗೆ 17–10. ಚಿನ್ನ. ಈ ಆಟದಲ್ಲಿ ಭಾರತಕ್ಕೆ ಬಂದ ಮೊದಲ ಪದಕವೇ ಅದು.

ಆ ಮನೆಯ ಹಿರಿಯಮ್ಮ ಅಡುಗೆಮನೆ ಬಾಗಿಲಲ್ಲಿ ನಿಂತು ಎಲ್ಲ ನೋಡಿದ್ದರು. "ಇದು ನಮ್ಮ ಲಿಂಬಿಕಾಯಿ ಆಟನೇ ಅದ ಅಲ್ಲ?" ಅಂದರು. ಹಳ್ಳಿಗಳಲ್ಲಿ ಪಂಚಮಿಗೆ ಲಿಂಬಿಕಾಯಿ ಒಗೆಯುವ ಪಣ ಕಟ್ಟುತ್ತಾರೆ. ಅಗಸಿಯಿಂದ ಹನುಮಪ್ಪನ ಗುಡಿ ತನಕ ಇಷ್ಟು ಎಸೆತದಲ್ಲಿ ಮುಟ್ಟಿಸ್ತೀನಿ ಅಂತ ಒಬ್ಬ, ಆಗಲ್ಲ ಬಿಡು ಅಂತ ಇನ್ನೊಬ್ಬ. ಅದೂ ಇದೂ ಒಂದೇ ಆಟ ಅಲ್ಲ. ಆದರೆ ಅವರು ಹಾಗಂದಿದ್ದೇ ತಡ, ನಮ್ಮಲ್ಲೊಬ್ಬ ಎದ್ದು ಹೋಗಿ ಬುಟ್ಟಿಯಿಂದ ಒಂದು ಲಿಂಬಿಕಾಯಿ, ದೇವರ ಮುಂದಿನ ಎರಡು ತೆಂಗಿನಕಾಯಿ ಎತ್ತಿಕೊಂಡು ಅಂಗಳಕ್ಕೆ ಇಳಿದ.

ತೆಂಗಿನಕಾಯಿಯಲ್ಲಿ ಆಡಿದ್ದು ನಿಜಾನಾ? ಸುಮ್ನೆ ಕಥೆನಾ?

ನಿಜ. ಏಳು ತಿಂಗಳು ಆಡಿದ್ದೇವೆ. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ "ಕಾಯಿ – 6" ಅಂತ ಖರ್ಚು ಬರೆದಿದೆ.

ಇದರಲ್ಲಿ ಒಂದು ಮಜಾ ಇದೆ. ಸುಲಿದ ತೆಂಗಿನಕಾಯಿ ಪೂರ್ತಿ ದುಂಡಗೆ ಇರಲ್ಲ. ಒಂದು ಕಡೆ ಚೂಪು, ಇನ್ನೊಂದು ಕಡೆ ಅಗಲ, ಒಳಗೆ ನೀರು ಬೇರೆ. ಅಡ್ಡ ಹಿಡಿದು ಫರಸಿ ಮೇಲೆ ಬಿಟ್ಟರೆ ಒಂದಷ್ಟು ದೂರ ನೆಟ್ಟಗೆ ಹೋಗಿ ಆಮೇಲೆ ಚೂಪಾದ ಕಡೆಗೆ ವಾಲುತ್ತದೆ. ನಾವು ಮೊದಲು ಕಾಯಿ ಸರಿ ಇಲ್ಲ ಅಂದುಕೊಂಡು ಬದಲಿಸಿದೆವು. ಅದೂ ವಾಲಿತು. ಲಾನ್ ಬೌಲ್ಸ್ ಆಟದ ಜೀವಾಳವೇ ಆ ವಾಲುವುದು ಅಂತ ಗೊತ್ತಾಗಿದ್ದು ತಿಂಗಳ ಮೇಲೆ. ದಾರಿಹೋಕರು "ಏನ್ರೀ, ಕಾಯಿ ಯಾಕ ಉಳ್ಳಸ್ಲಿಕತ್ತೀರಿ, ಒಡೀರಿ" ಅಂತ ನಗುತ್ತಿದ್ದರು. ಒಡೆದ ಕಾಯಿಯೂ ದಂಡ ಆಗಲಿಲ್ಲ. ಸೋತವರ ಮನೆಯಲ್ಲಿ ಚಟ್ನಿ ಆಗುತ್ತಿತ್ತು.

ಅವತ್ತಿನಿಂದ ನಮ್ಮಲ್ಲಿ ಜ್ಯಾಕ್‌ಗೆ ಲಿಂಬಿಕಾಯಿ ಅಂತಲೇ ಹೆಸರು. ಈಗ ಅಸಲಿ ಜ್ಯಾಕ್ ಇದೆ. ಅಡ್ಡಳತೆ 6.3 ಸೆಂಟಿಮೀಟರ್, ತೂಕ ಕಾಲು ಕಿಲೋ ಆಸುಪಾಸು. ಹೆಸರು ಮಾತ್ರ ಬದಲಾಗಿಲ್ಲ. ಮುಂದೆ ನಾನು ಲಿಂಬಿಕಾಯಿ ಅಂತ ಬರೆದರೆ ಅದೇ ಅಂತ ತಿಳಿಯಿರಿ.

ಅಸಲಿ ಬೌಲ್ ಯಾಕೆ ಡೊಂಕಾಗಿ ಹೋಗುತ್ತದೆ? ಒಳಗೆ ಸೀಸ ತುಂಬಿರ್ತಾರಾ?

ಎಲ್ಲರೂ ಕೈಯಲ್ಲಿ ಹಿಡಿದು ಕಿವಿ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗೆ ಏನೂ ಇಲ್ಲ. ಹಿಂದಿನ ಕಾಲದಲ್ಲಿ ಒಂದು ಕಡೆ ಸೀಸ ಸೇರಿಸುತ್ತಿದ್ದರು, ಈಗ ಹಾಗೆ ಮಾಡುವಂತಿಲ್ಲ. ಎಲ್ಲ ಇರುವುದು ಆಕಾರದಲ್ಲಿ. ಎರಡು ಪಕ್ಕದ ಉಬ್ಬು ಸಮ ಇರಲ್ಲ, ಒಂದು ಕಡೆ ತುಸು ಕಮ್ಮಿ, ಒಂದು ಕಡೆ ಜಾಸ್ತಿ. ಎರಡೂ ಪಕ್ಕದಲ್ಲಿ ಗುರುತಿನ ಉಂಗುರ ಇರುತ್ತದೆ. ಚಿಕ್ಕ ಉಂಗುರ ಯಾವ ಕಡೆ ಇದೆಯೋ ಆ ಕಡೆಗೆ ಬೌಲ್ ತಿರುಗುತ್ತದೆ. ಇದಕ್ಕೆ ಬಯಾಸ್ ಅನ್ನುತ್ತಾರೆ.

ಚಿಕ್ಕಂದಿನಲ್ಲಿ ಕೋಲು ಹಿಡಿದು ಸೈಕಲ್ ಟೈರು ಓಡಿಸಿದ್ದೀರಾ? ಜೋರಾಗಿ ಹೋಗುವಾಗ ನೆಟ್ಟಗೆ ಹೋಗುತ್ತದೆ. ವೇಗ ಇಳಿಯುತ್ತಿದ್ದಂತೆ ಒಂದು ಕಡೆ ವಾಲಿ, ಆ ಕಡೆಗೇ ಸುತ್ತು ಹಾಕಿ ಬೀಳುತ್ತದೆ. ಬೌಲ್ ಕೂಡ ಹಾಗೆಯೇ. ಕೈ ಬಿಟ್ಟಾಗ ನೆಟ್ಟಗೆ, ನಿಲ್ಲುವ ಹೊತ್ತಿಗೆ ಕೊಡಲಿ ಬಾಯಿಯ ಹಾಗೆ ಬಾಗಿದ ದಾರಿ. ಹಾಗಾಗಿ ಲಿಂಬಿಕಾಯಿಗೆ ಗುರಿ ಇಟ್ಟು ಬಿಟ್ಟವರದ್ದು ಎಂದೂ ಅದರ ಹತ್ತಿರ ಹೋಗಲ್ಲ. ಹೊಸಬರಿಗೆ ಇದೇ ದೊಡ್ಡ ಸಿಟ್ಟು.

ಒಂದು ಬೌಲ್ ಹೆಚ್ಚೆಂದರೆ 1.59 ಕಿಲೋ ತೂಗಬಹುದು. ಮೊದಲು ಲಿಗ್ನಮ್ ವೈಟೆ ಅನ್ನೋ, ನೀರಲ್ಲಿ ಮುಳುಗುವಷ್ಟು ಭಾರದ ಕಟ್ಟಿಗೆಯಲ್ಲಿ ಕಡೆಯುತ್ತಿದ್ದರು. ಈಗ ಗಟ್ಟಿ ಪ್ಲಾಸ್ಟಿಕ್. ನಮ್ಮ ಮೊದಲ ಸೆಟ್ ಬಂದಿದ್ದು ಗುಂಪಿನ ಒಬ್ಬರ ಅಳಿಯ ಆಸ್ಟ್ರೇಲಿಯಾದಿಂದ ರಜೆಗೆ ಬಂದಾಗ. ನಾಲ್ಕು ಬೌಲ್, ಯಾರೋ ಆಡಿ ಬಿಟ್ಟವು. ಆರು ಕಿಲೋ. ವಿಮಾನ ನಿಲ್ದಾಣದಲ್ಲಿ ಬ್ಯಾಗು ಬಿಚ್ಚಿಸಿ, ಇದೇನು ಅಂತ ವಿವರಿಸುವಷ್ಟರಲ್ಲಿ ಪಾಪ, ಸುಸ್ತಾಗಿದ್ದನಂತೆ. ಅತ್ತೆಗೆ ತರಬೇಕಿದ್ದ ಸಾಮಾನು ಅಲ್ಲೇ ಉಳಿಯಿತು. ಆ ಮಾತು ಇವತ್ತಿಗೂ ಆ ಮನೆಯಲ್ಲಿ ಎದ್ದೇಳುತ್ತದೆ.

ಈ ಆಟ ಎಷ್ಟು ಹಳೆಯದು?

ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಒಂದು ಬೌಲಿಂಗ್ ಮೈದಾನ ಇದೆ. ಅಲ್ಲಿ 1299ರಿಂದ ಆಡುತ್ತಿದ್ದಾರೆ ಅಂತ ಲೆಕ್ಕ. ನಮ್ಮೂರಲ್ಲಿ ಬಹಮನಿ ಸುಲ್ತಾನರು ರಾಜ್ಯ ಕಟ್ಟಿದ್ದು 1347ರಲ್ಲಿ. ಕೋಟೆಯೊಳಗಿನ ಜಾಮಿ ಮಸೀದಿ 1367ರದ್ದು. ಅಂದರೆ ಆ ಮಸೀದಿಯ ಕಮಾನು ಏಳುವ ಹೊತ್ತಿಗೆ ಅಲ್ಲಿ ಮೂರು ತಲೆಮಾರು ಚೆಂಡು ಉರುಳಿಸಿ ಆಗಿತ್ತು.

ಅಲ್ಲೂ ಇದು ಎಲ್ಲರ ಆಟ ಆಗಿರಲಿಲ್ಲ. ಎಂಟನೇ ಹೆನ್ರಿ 1541ರಲ್ಲಿ ಕಾನೂನು ತಂದ. ಕೂಲಿ ಮಾಡುವವರು, ಕುಶಲಕರ್ಮಿಗಳು, ಆಳುಗಳು ಕ್ರಿಸ್‌ಮಸ್ ಬಿಟ್ಟು ಬೇರೆ ದಿನ ಬೌಲ್ಸ್ ಆಡುವಂತಿಲ್ಲ. ಆಡುತ್ತಾ ಕೂತರೆ ಬಿಲ್ಲು ಹಿಡಿಯುವವರು ಯಾರು ಅನ್ನೋದು ಚಿಂತೆ. ಆ ಕಾನೂನು ಹೋಗಿದ್ದು 1845ರಲ್ಲಿ. ಮುನ್ನೂರು ವರ್ಷ! ಹಬ್ಬದ ದಿನ ಮಾತ್ರ ಬಡವರಿಗೆ ಆಟ. ನಾವು ಹಬ್ಬದ ದಿನವೇ ಶುರು ಮಾಡಿದ್ದು ಕಾಕತಾಳೀಯ, ಆದರೂ ಓದಿದಾಗ ಒಂಥರಾ ಅನಿಸಿತು. ಫ್ರಾನ್ಸಿಸ್ ಡ್ರೇಕ್ 1588ರಲ್ಲಿ ಸ್ಪೇನಿನ ಹಡಗುಗಳು ಬಂದವು ಅಂದರೂ ಆಟ ಮುಗಿಸಿಯೇ ಯುದ್ಧಕ್ಕೆ ಹೋದ ಅನ್ನುವ ಕಥೆಯೂ ಇದೆ. ಅದು ಕಥೆ, ಇತಿಹಾಸ ಅಲ್ಲ.

ನನಗೆ ಜಾಸ್ತಿ ಹಿಡಿಸಿದ್ದು ಇನ್ನೊಂದು ಸಂಗತಿ. ಕುಡುಗೋಲಲ್ಲಿ ಕೊಯ್ದ ಹುಲ್ಲಿನ ಮೇಲೆ ಚೆಂಡು ಸರಿಯಾಗಿ ಉರುಳಲ್ಲ. 1830ರಲ್ಲಿ ಎಡ್ವಿನ್ ಬಡ್ಡಿಂಗ್ ಅನ್ನುವಾತ ಹುಲ್ಲು ಕತ್ತರಿಸುವ ಯಂತ್ರ ಮಾಡಿದ. ಅವನಿಗೆ ಅದು ಹೊಳೆದಿದ್ದು ಬಟ್ಟೆ ಮಿಲ್ಲಿನಲ್ಲಿ, ಉಣ್ಣೆ ಬಟ್ಟೆಯ ಮೇಲಿನ ಜುಂಗು ಕತ್ತರಿಸುವ ಯಂತ್ರ ನೋಡಿ. ಎಂ.ಎಸ್.ಕೆ. ಬಟ್ಟೆ ಮಿಲ್ಲಿನ ಸೈರನ್ ಕೇಳಿ ಬೆಳೆದ ನಮ್ಮೂರಿನವರಿಗೆ ಇದು ಹೇಳಬೇಕಾದ ಮಾತೇ. ನಮ್ಮ ಗುಂಪಿನಲ್ಲಿ ಮಿಲ್ ಕಾರ್ಮಿಕರ ಮಗ ಒಬ್ಬರಿದ್ದಾರೆ. ಇದನ್ನು ಹೇಳಿದಾಗ, "ನಮ್ಮಪ್ಪ ಹುಲ್ಲಿಂದು ವಿಚಾರ ಮಾಡಿದ್ರ ನಾವೂ ಸಾವ್ಕಾರ ಆಗ್ತಿದ್ವಿ ಬಿಡ್ರಿ" ಅಂದರು.

ಆಮೇಲೆ 1849ರಲ್ಲಿ ಗ್ಲಾಸ್ಗೋದ ಮಿಚೆಲ್ ಅನ್ನುವವರು ನಿಯಮ ಬರೆದರು. ಕ್ರಿಕೆಟ್‌ನ ಗಡ್ಡದ ಅಜ್ಜ ಡಬ್ಲ್ಯು.ಜಿ. ಗ್ರೇಸ್ 1903ರಲ್ಲಿ ಇಂಗ್ಲೆಂಡಿನ ಬೌಲಿಂಗ್ ಸಂಸ್ಥೆಯ ಮೊದಲ ಅಧ್ಯಕ್ಷ ಆದರು. 1930ರ ಮೊದಲ ಕಾಮನ್‌ವೆಲ್ತ್ ಕೂಟದಿಂದಲೂ ಈ ಆಟ ಇದೆ, 1966ರಲ್ಲಿ ಮಾತ್ರ ಬಿಟ್ಟಿದ್ದರು.

ಲಾನ್ ಅಂತೀರಿ, ಹುಲ್ಲೆಲ್ಲಿ?

ಹೆಚ್ಚು ಕೇಳುವ ಪ್ರಶ್ನೆ. ಕುಹಕವೂ ಹೆಚ್ಚು ಇರುವ ಪ್ರಶ್ನೆ.

ಹುಲ್ಲಿನದು ತೊಂದರೆ ಅಲ್ಲ. ಆಸ್ಟ್ರೇಲಿಯಾದಂಥ ಬಿಸಿಲು ನಾಡುಗಳಲ್ಲಿ ಬೌಲಿಂಗ್ ಮೈದಾನಕ್ಕೆ ಹಾಕುವ ಹುಲ್ಲು ಯಾವುದು ಗೊತ್ತಾ? ಗರಿಕೆಯ ಜಾತಿ. ನಮ್ಮ ಕಡೆ ಕರಕಿ ಅಂತೀವಿ. ಗಣಪತಿಗೆ ಏರಿಸುವುದು, ಹೊಲದಲ್ಲಿ ಕಿತ್ತಷ್ಟೂ ಬರುವುದು. ಬೇಡ ಅಂದರೂ ಬೆಳೆಯುತ್ತದೆ.

ತೊಂದರೆ ಇರುವುದು ಅದರ ಕೆಳಗೆ. ನಮ್ಮದು ಎರೆ ನೆಲ. ತೊಗರಿಗೆ, ಬಿಳಿ ಜೋಳಕ್ಕೆ ಬಂಗಾರದಂಥ ಮಣ್ಣು. ಆಟಕ್ಕೆ ಮಾತ್ರ ವೈರಿ. ಮಳೆ ಬಿದ್ದರೆ ಉಬ್ಬುತ್ತದೆ, ಚಪ್ಪಲಿಗೆ ಸೇರಿಗಟ್ಟಲೆ ಅಂಟಿಕೊಳ್ಳುತ್ತದೆ. ಬೇಸಿಗೆಯಲ್ಲಿ ಒಣಗಿ ಬಾಯಿ ಬಿಡುತ್ತದೆ. 2023ರ ಏಪ್ರಿಲ್‌ನಲ್ಲಿ ನಾವು ಆ ಖಾಲಿ ಜಾಗದಲ್ಲಿ ಹಾಗೇ ಆಡಿ ನೋಡಿದೆವು. ಅಸಲಿ ಜ್ಯಾಕ್ ಉರುಳುತ್ತಾ ಹೋಗಿ ಒಂದು ಬಿರುಕಿನ ಅಂಚಿಗೆ ನಿಂತಿತು. ಒಬ್ಬರು ಹತ್ತಿರ ಹೋಗಿ ಬಗ್ಗಿದರು. ಅವರ ಹೆಜ್ಜೆಗೆ ಹೆಂಟೆ ಅಲುಗಿ ಅದು ಒಳಗೆ ಬಿತ್ತು. ಮೊಳಕೈ ತನಕ ಕೈ ಹಾಕಿದರೂ ಸಿಗಲಿಲ್ಲ. ಕೊನೆಗೆ ಬಕೆಟ್ ನೀರು ಹಾಕಿ ಅಗೆದು ತೆಗೆದೆವು. ಆ ತೂತು ಇವತ್ತಿಗೂ ಇದೆ.

ಬೌಲಿಂಗ್ ಮೈದಾನ ಅಂದರೆ ಒಂದು ಪಕ್ಕ 31ರಿಂದ 40 ಮೀಟರ್ ಇರುವ ಚೌಕ. ಅದರೊಳಗೆ ಉದ್ದುದ್ದ ಪಟ್ಟಿಗಳು, ಒಂದೊಂದಕ್ಕೂ ರಿಂಕ್ ಅಂತ ಹೆಸರು. ಸುತ್ತ ತಗ್ಗಿನ ಗಟಾರ. ನೆಲ ಮೇಜಿನ ಹಾಗೆ ಸಮ ಇರಬೇಕು. ಅದಕ್ಕೆ ಕೆಳಗೆ ಜಲ್ಲಿ, ಮರಳು, ನೀರು ಹರಿಯುವ ಪೈಪು, ಮೇಲೆ ಹುಲ್ಲು. ದಿನಾ ನೀರು. ನಲ್ಲಿ ನೀರಿಗೆ ಕೊಡ ಹಿಡಿದು ಕಾಯುವ ಬಡಾವಣೆಯಲ್ಲಿ ಆಟಕ್ಕೆ ಅಂತ ಹುಲ್ಲಿಗೆ ನೀರು ಬಿಟ್ಟರೆ ಜನ ಉಗಿಯುತ್ತಾರೆ. ಉಗಿಯಲೇಬೇಕು.

ಹಾಗಾಗಿ ನಾವು ಒಂದೇ ಒಂದು ರಿಂಕ್ ಮಾಡಿಕೊಂಡೆವು. 33 ಮೀಟರ್ ಉದ್ದ, 4 ಮೀಟರ್ ಅಗಲ. ನಿಯಮದ ಪ್ರಕಾರ ಅಗಲ ಕಮ್ಮಿ ಅಂದರೂ 4.3 ಮೀಟರ್ ಇರಬೇಕು, ಗೋಡೆ ಅಡ್ಡ ಬಂತು. ಎರೆ ಮಣ್ಣು ಒಂದು ಮೊಳ ತೆಗೆದು ಮುರುಮ, ಅಂದರೆ ಗರಸು ಮಣ್ಣು, ತುಂಬಿಸಿದೆವು. ಬೀದರಿನವರು ಈ ವಿಷಯದಲ್ಲಿ ಪುಣ್ಯವಂತರು, ಊರ ಕೆಳಗೇ ಕೆಂಪು ಜಂಬಿಟ್ಟಿಗೆ ಕಲ್ಲು ಇದೆ. ಗುಂಪಿನಲ್ಲಿ ಒಬ್ಬರು ಗೌಂಡಿ. ಅವರು ನೀರು ತುಂಬಿದ ಲೆವೆಲ್ ಪೈಪು ಹಿಡಿದು, ದಾರ ಕಟ್ಟಿ, ಮೂರು ಭಾನುವಾರ ಕೂತು ಮಟ್ಟ ಮಾಡಿದರು. ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಿನಷ್ಟೂ ವ್ಯತ್ಯಾಸ ಇಲ್ಲ ಅಂತ ಅವರ ಪಣ. ಅದರ ಮೇಲೆ ಪೆಂಡಾಲಿನವರು ಮದುವೆಗೆ ಹಾಸುವ ಹಸಿರು ಮ್ಯಾಟ್. ಮೊದಲ ಸಲ ಕೊಂಡ ಮ್ಯಾಟಿಗೆ ನಟ್ಟ ನಡುವೆ ಜೋಡಣೆ ಇತ್ತು. ಅಂಗಡಿಯವರು ಒಂದೇ ತುಂಡು ಅಂತ ಹೇಳಿ ಕೊಟ್ಟಿದ್ದರು. ಪ್ರತಿ ಬೌಲೂ ಅಲ್ಲಿಗೆ ಬಂದು ರೈಲಿನ ಹಾಗೆ ಹಳಿ ಹಿಡಿದು ಹೋಗುತ್ತಿತ್ತು. ವಾಪಸ್ ತಗೊಳ್ಳಲಿಲ್ಲ. ಈಗ ಅದು ನಮ್ಮ ಮನೆ ಮಾಳಿಗೆ ಮೇಲೆ ಮೆಣಸಿನಕಾಯಿ ಒಣಗಿಸೋದಕ್ಕೆ ಇದೆ.

ಮ್ಯಾಟ್ ಮೇಲೆ ಆಡುವುದು ಮೋಸ ಅಲ್ಲ. ದೊಡ್ಡ ಪಂದ್ಯಗಳಲ್ಲೂ ಕೃತಕ ಹುಲ್ಲು, ಕಾರ್ಪೆಟ್ ಇರುತ್ತದೆ. 2026ರ ಗ್ಲಾಸ್ಗೋ ಕಾಮನ್‌ವೆಲ್ತ್ ಕೂಟಕ್ಕೆ ಬೌಲ್ಸ್ ಅನ್ನು ಚಾವಣಿಯ ಒಳಗೇ ಇಟ್ಟರು. ಮಳೆ ಹುಲ್ಲಿನ ನಾಡಿನವರೇ ಒಳಗೆ ಹೋದ ಮೇಲೆ ನಮ್ಮದೇನು ಬಿಡಿ.

ಅಂಕ ಹೇಗೆ ಎಣಿಸುತ್ತೀರಿ?

ಎಲ್ಲ ಬೌಲ್ ಬಿಟ್ಟಾದ ಮೇಲೆ ಲಿಂಬಿಕಾಯಿ ಹತ್ತಿರ ಹೋಗಿ ನಿಲ್ಲುತ್ತೇವೆ. ನಿಮ್ಮ ಎರಡು ಬೌಲ್ ಹತ್ತಿರ ಇವೆ, ಮೂರನೆಯದಕ್ಕೆ ಮುಂಚೆ ನನ್ನದೊಂದು ಇದೆ ಅಂದರೆ ನಿಮಗೆ 2. ನನಗೆ ಸೊನ್ನೆ. ಒಬ್ಬರಿಗೊಬ್ಬರು ಆಡುವಾಗ ತಲಾ ನಾಲ್ಕು ಬೌಲ್, ಮೊದಲು 21 ಮುಟ್ಟಿದವರು ಗೆದ್ದಂತೆ. ನಾಲ್ವರ ತಂಡದಲ್ಲಿ ತಲಾ ಎರಡು. ಅದಕ್ಕೆ 16 ಬೌಲ್ ಬೇಕು, ನಮ್ಮಲ್ಲಿ ಇರುವುದು 8. ಹಾಗಾಗಿ ಜೋಡಿ ಆಟವೇ ಜಾಸ್ತಿ.

ಉರುಳುತ್ತಾ ಬಂದು ಲಿಂಬಿಕಾಯಿಗೆ ತಾಗಿದ ಬೌಲ್‌ಗೆ ಸೀಮೆಸುಣ್ಣದ ಗುರುತು ಹಾಕುತ್ತೇವೆ. ಅದು ಗಟಾರಕ್ಕೆ ಬಿದ್ದರೂ ಜೀವಂತ. ಇನ್ನೊಂದು ಮಾತು, ಲಿಂಬಿಕಾಯಿಯನ್ನೇ ಹೊಡೆದು ಸರಿಸಬಹುದು. ಗೆದ್ದೆ ಅಂತ ಮೀಸೆ ತಿರುವುತ್ತಿದ್ದವರ ನಾಲ್ಕೂ ಬೌಲ್ ಒಂದೇ ಏಟಿಗೆ ದಂಡ. ಜಗಳ ಬರೋದು ಅಳತೆಯಲ್ಲಿ. ಗೌಂಡಿಯವರ ಟೇಪೇ ಅಂತಿಮ, ಅವರೇ ಆಡುತ್ತಿದ್ದಾಗ ನನ್ನದು.

ಇದು ರಿಟೈರ್ ಆದವರ ಆಟ ಅಲ್ವಾ?

ಆ ಮಾತು ಬರ್ಮಿಂಗ್‌ಹ್ಯಾಮಿನ ನಾಲ್ವರಿಗೆ ಹೇಳಿ ನೋಡಿ. ಲವ್ಲಿ ಚೌಬೆ ಆಗ ಜಾರ್ಖಂಡ್ ಪೊಲೀಸ್ ಕಾನ್‌ಸ್ಟೇಬಲ್ ಆಗಿದ್ದರು. ನಯನ್‌ಮೋನಿ ಮೊದಲು ಭಾರ ಎತ್ತುತ್ತಿದ್ದವರು, ಆಗ ಅಸ್ಸಾಂನ ಅರಣ್ಯ ಇಲಾಖೆಯಲ್ಲಿ ಕೆಲಸದಲ್ಲಿದ್ದರು. ಪಿಂಕಿ ಶಾಲೆಯಲ್ಲಿ ಆಟ ಕಲಿಸುವ ಟೀಚರ್ ಆಗಿದ್ದರು. ಕೆಲಸ ಮಾಡಿಕೊಂಡೇ ಆಡಿದವರು. ಅದೇ ಕೂಟದಲ್ಲಿ ನಮ್ಮ ಗಂಡಸರ ತಂಡ ಬೆಳ್ಳಿ ತಂದಿತು.

ನಮ್ಮಲ್ಲಿ ಹಿರಿಯರಿಗೆ 71, ಕಿರಿಯನಿಗೆ 13. ಹುಡುಗ ಮೊದಲ ವಾರವೇ ನನ್ನನ್ನು ಸೋಲಿಸಿದ. "ಕಾಕಾ, ನೀವು ಭಾಳ ಜೋರ್ ಬಿಡ್ತೀರಿ" ಅಂತ ಬುದ್ಧಿ ಬೇರೆ ಹೇಳಿದ. ಸರಿಯಾಗಿಯೇ ಹೇಳಿದ.

ಹೆಣ್ಣುಮಕ್ಕಳು ಬರ್ತಾರಾ?

ನಮ್ಮ ಗುಂಪಿನ ಅತಿ ಚೆಂದದ ಆಟ ಒಬ್ಬ ಅಕ್ಕನದು. ಅಂಗನವಾಡಿಯಲ್ಲಿ ಕೆಲಸ. ಮೊದಲ ವರ್ಷ ಕಾಂಪೌಂಡ್ ಆಚೆ ನಿಂತು ನೋಡುತ್ತಿದ್ದರು, ಕರೆದರೂ ಬರಲಿಲ್ಲ. ಒಂದು ಸಂಜೆ ಯಾರೂ ಇಲ್ಲದಾಗ ಮಗಳ ಜೊತೆ ಬಂದು ಆಡಿದ್ದಾರೆ. ಮ್ಯಾಟ್ ಮೇಲಿನ ಎಳೆ ಪಾದದ ಗುರುತಿನಿಂದ ಗೊತ್ತಾಯಿತು. ಆಮೇಲೆ ನಾವೇ ಹೋಗಿ ಕೇಳಿಕೊಂಡೆವು. ಹೇಗೆ ಇಷ್ಟು ಸರಿ ಬಿಡ್ತೀರಿ ಅಂದರೆ, "ನೀವು ಎಲ್ಲಾರೂ ಲಿಂಬಿಕಾಯಿ ನೋಡ್ತೀರಿ. ನಾ ನೆಲ ನೋಡ್ತೀನಿ" ಅಂದರು. ಎಲ್ಲಿಂದ ತಿರುಗಬೇಕೋ ಆ ಜಾಗ ಹುಡುಕಿ ಅಲ್ಲಿಗೆ ಬಿಡುತ್ತಾರೆ. ದೊಡ್ಡ ಆಟಗಾರರೂ ಮಾಡುವುದು ಇಷ್ಟೇ. ನನಗೆ ಮೂರು ವರ್ಷ ಆದರೂ ಕಣ್ಣು ಅಲ್ಲಿಗೆ ನಿಲ್ಲುವುದಿಲ್ಲ.

ಯಾವ ಹೊತ್ತಿಗೆ ಆಡುತ್ತೀರಿ?

ಮಾಮೂಲಿ ದಿನ ಸಂಜೆ ಆರರ ಮೇಲೆ. ಏಪ್ರಿಲ್, ಮೇನಲ್ಲಿ ಸರ್ಕಾರಿ ಆಫೀಸೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1:30 ತನಕ ಇರುವ ಊರು ಇದು. ಆಗ ಸಂಜೆ ಏಳಾದರೂ ಮ್ಯಾಟ್ ಕಾದಿರುತ್ತದೆ. ರಾತ್ರಿ ಊಟ ಮುಗಿಸಿ ದೀಪ ಹಾಕಿಕೊಂಡು ಬರುತ್ತೇವೆ.

ಕ್ಲಬ್ಬಿನ ಹೆಸರೇನು? ನೋಂದಣಿ ಆಗಿದೆಯಾ?

ಹೆಸರಿಲ್ಲ. 1960ರ ಸಂಘಗಳ ನೋಂದಣಿ ಕಾಯ್ದೆ ಪ್ರಕಾರ ಏಳು ಜನ ಇದ್ದರೆ ಸಂಘ ಮಾಡಬಹುದು. ನಾವು ಹದಿನಾಲ್ಕು ಜನ. ಆದರೆ ಹೆಸರಿನ ಮೇಲೆ ಮೂರು ಸಭೆ ಮುರಿದಿವೆ. ಒಬ್ಬರಿಗೆ ಕಲಬುರಗಿ ಅಂತ ಇರಬೇಕು, ಇನ್ನೊಬ್ಬರಿಗೆ ಕಲ್ಯಾಣ ಅಂತ. ಹುಡುಗರು ಲಿಂಬಿಕಾಯಿ ಬಾಯ್ಸ್ ಅಂದರು. ಅಕ್ಕ ಒಂದು ಸಲ ಅವರ ಕಡೆ ತಿರುಗಿ ನೋಡಿದರು, ಆ ವಿಚಾರ ಅಲ್ಲಿಗೇ ಮುಗಿಯಿತು.

ಸರ್ಕಾರಕ್ಕೆ ಜಾಗ ಕೇಳಬಹುದಲ್ಲ?

ಕೇಳಿದೆವು. ಅರ್ಜಿ ಒಂದು ಆಫೀಸಿನಲ್ಲಿ ಎರಡು ವರ್ಷ ಟೇಬಲ್ಲಿಂದ ಟೇಬಲ್ಲಿಗೆ ಉರುಳಿತು. ಒಬ್ಬ ಗುಮಾಸ್ತರು "ಯಾವ ಆಟ ಅಂತ ಬರ್ಕೋಬೇಕ್ರಿ?" ಅಂದರು. ಹೇಳಿದೆ. "ಪಟ್ಟಿಯಾಗ ಇಲ್ಲಲ್ರಿ, ಕ್ರಿಕೆಟ್ ಅಂತ ಬರೀಲಾ?" ಅಂದರು. ಬೇಡ ಅಂದೆ. ಈಗ ಅನಿಸುತ್ತದೆ, ಹೂಂ ಅನ್ನಬೇಕಿತ್ತು.

ನಮ್ಮ ದೇಶದಲ್ಲಿ ಸರಿಯಾದ ಮೈದಾನ ಕೋಲ್ಕತ್ತಾ, ರಾಂಚಿ, ಗುವಾಹಟಿ, ದೆಹಲಿಯಂಥ ಕೆಲವೇ ಊರುಗಳಲ್ಲಿ ಇದೆ. ದೆಹಲಿಯಲ್ಲಿ ಆಗಿದ್ದು 2010ರ ಕಾಮನ್‌ವೆಲ್ತ್ ಕೂಟಕ್ಕೆ ಅಂತ. ಅಂದರೆ ದೊಡ್ಡ ಕೂಟ ಬಂದರೆ ಮೈದಾನ ಬರುತ್ತದೆ. ನಮ್ಮೂರಿಗೆ ಸದ್ಯ ಬರುವುದು ಶರಣಬಸವೇಶ್ವರ ಜಾತ್ರೆ ಮತ್ತು ಉರುಸು ಮಾತ್ರ.

ದುಡ್ಡು ಕಟ್ಟಿ ಆಡ್ತೀರಾ?

ಇಲ್ಲ. ಸೋತವರು ಚಹಾ ಕುಡಿಸಬೇಕು. ಪಂಚಮಿ ದಿನ ಮಾತ್ರ ಉಂಡಿ ಪಣ.

ನಾನೂ ಬರಬಹುದಾ? ಏನು ತರಬೇಕು?

ಬರ್ರಿ. ಹೀಲ್ಸ್, ಸ್ಪೈಕ್ಸ್ ಬೇಡ, ಮ್ಯಾಟ್ ಹರಿಯುತ್ತದೆ. ತಳ ಸಪಾಟಾದ ಬೂಟು ಅಥವಾ ಬರಿಗಾಲು. ಮಂಡಿ ನೋವಿದ್ದರೆ ಮೊದಲೇ ಹೇಳಿ, ಬಗ್ಗದೆ ಬಿಡುವ ಕೋಲು ಒಂದನ್ನು ಗೌಂಡಿಯವರು ಪೈಪಿನಲ್ಲಿ ಮಾಡಿಟ್ಟಿದ್ದಾರೆ. ಕುಡಿಯುವ ನೀರು ನಿಮ್ಮದೇ ತನ್ನಿ. ಲಿಂಬಿಕಾಯಿ ನಮ್ಮ ಹತ್ತಿರ ಇದೆ.